ಐದು ತಂತಿಯ ಬೇಸ್ ಗಿಟಾರ್: ಒಂದೂವರೆ ವರ್ಷ ನುಡಿಸಿದ ಮೇಲೆ

ಹಗಲು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಾರ್ಯಕ್ರಮ ಇದ್ದ ಸಂಜೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಹನ್ನೆರಡು ವರ್ಷ ನಾಲ್ಕು ತಂತಿಯಲ್ಲೇ ನಡೆದಿತ್ತು. ಆಮೇಲೆ ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಐದು ತಂತಿಯದನ್ನು 21 ಸಾವಿರ ಕೊಟ್ಟು ತಂದೆ. ಯಾವ ಕಂಪನಿ ಎಂದು ಬರೆಯುತ್ತಿಲ್ಲ. ನಾನು ಹೇಳುವುದು ಆ ಐದನೇ ತಂತಿಯ ಬಗ್ಗೆ. ಅದು ಯಾವ ಕಂಪನಿಯ ಗಿಟಾರ್‌ನಲ್ಲಿದ್ದರೂ ಹೆಚ್ಚುಕಮ್ಮಿ ಅದೇ ಕಥೆ.

ತಂದಿದ್ದಕ್ಕೆ ಕಾರಣ ಒಂದು ರಾತ್ರಿ. ವಿನೋಬನಗರದಲ್ಲಿ ಗಣಪತಿ ಪೆಂಡಾಲ್. ಸಂಜೆಯಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ಹುಡುಗ ಒಬ್ಬ ಅದಕ್ಕೂ ಹಿಂದೆ ಸತತ ಮೂರು ದಿನ ಹಾಡಿ ಬಂದಿದ್ದ. ಎರಡು ಹಾಡು ಮುಗಿಸಿ ನನ್ನ ಹತ್ತಿರ ಬಗ್ಗಿ, "ಅಣ್ಣಾ, ಗಂಟಲು ಕೂತಿದೆ. ಮುಂದಿನದನ್ನು ಅರ್ಧ ಸ್ವರ ಇಳಿಸೋಣ" ಅಂದ. ಕೀಬೋರ್ಡ್‌ನವರಿಗೆ ಇದು ಲೆಕ್ಕಕ್ಕೇ ಇಲ್ಲ. ಶ್ರುತಿಯನ್ನೇ ಮೇಲೆ ಕೆಳಗೆ ಸರಿಸುವ ಟ್ರಾನ್ಸ್‌ಪೋಸ್ ಬಟನ್ ಒಂದು ಸಲ ಒತ್ತಿದರು, ಅವರ ಕೆಲಸ ಮುಗಿಯಿತು. ಬೆರಳು ಅದೇ ಜಾಗದಲ್ಲಿ, ಅದೇ ಮನೆಗಳ (ಕೀಗಳ) ಮೇಲೆ.

ನನ್ನ ಕಥೆ ಬೇರೆ. ಆ ಹಾಡು ಇ ಸ್ಕೇಲ್‌ನದು. ಅದರ ಬೇಸ್ ಪೂರ್ತಿ ನಿಂತಿರುವುದು ಖಾಲಿ ಇ ತಂತಿಯ ಮೇಲೆ, ಅಂದರೆ ಎಲ್ಲಕ್ಕಿಂತ ಕೆಳಗಿನ ತಂತಿಯನ್ನು ಬೆರಳಿಂದ ಒತ್ತದೆ ಮೀಟಿದಾಗ ಬರುವ ಸ್ವರದ ಮೇಲೆ. ಅರ್ಧ ಇಳಿಸಿದರೆ ಡಿ ಶಾರ್ಪ್. ನಾಲ್ಕು ತಂತಿಯ ಗಿಟಾರ್‌ನಲ್ಲಿ ಆ ಕೆಳಗಿನ ಸ್ವರವೇ ಇಲ್ಲ. ನಡು ಕಾರ್ಯಕ್ರಮದಲ್ಲಿ ಟ್ಯೂನಿಂಗ್ ಕೀ ತಿರುಗಿಸಿ ಕೂರಲು ಆಗುತ್ತದಾ? ಎ ತಂತಿಯ ಆರನೇ ಫ್ರೆಟ್‌ಗೆ (ಗಿಟಾರ್‌ನ ಕತ್ತು, ಅಂದರೆ ನೆಕ್ ಮೇಲೆ ಅಡ್ಡ ಇರುವ ಲೋಹದ ಪಟ್ಟಿ) ಹೋಗಿ ಒಂದು ಸ್ಥಾಯಿ ಮೇಲೆ ನುಡಿಸಿದೆ. ಸ್ವರ ಸರಿ, ತಾಳ ಸರಿ. ಆದರೆ ಹಾಡಿನ ಕೆಳಗಿನ ನೆಲವೇ ಹೋಯಿತು. ಜನರಿಗೆ ಗೊತ್ತಾಯಿತೋ ಇಲ್ಲವೋ, ಹಾಡುತ್ತಿದ್ದವನಿಗೆ ಗೊತ್ತಾಯಿತು. ಎರಡು ಸಲ ತಿರುಗಿ ನೋಡಿದ. ಆ ನೋಟ ನನಗೆ ಇನ್ನೂ ನೆನಪಿದೆ.

ಐದನೇ ತಂತಿ ಏನು ಕೊಡುತ್ತದೆ ಎಂದು ನೋಡಿ. ನಾಲ್ಕು ತಂತಿಯ ಬೇಸ್‌ನಲ್ಲಿ ಕೆಳಗಿನ ಕೊನೆಯ ಸ್ವರ ಇ, ಸುಮಾರು 41 ಹರ್ಟ್ಸ್. ಅದರ ಕೆಳಗೆ ಬಿ ತಂತಿ ಸೇರಿದರೆ ಸುಮಾರು 31 ಹರ್ಟ್ಸ್‌ವರೆಗೆ ಇಳಿಯಬಹುದು. ಹೊಸದಾಗಿ ಸಿಗುವುದು ಐದೇ ಸ್ವರ: ಬಿ, ಸಿ, ಸಿ ಶಾರ್ಪ್, ಡಿ, ಡಿ ಶಾರ್ಪ್. ಐದು ಸ್ವರಕ್ಕೆ ಇಷ್ಟು ದುಡ್ಡಾ ಎಂದು ನನಗೂ ಮೊದಲು ಅನ್ನಿಸಿತ್ತು.

ಆದರೆ ನಮ್ಮ ಕಡೆ ಹಾಡುವವರ ಶ್ರುತಿ ಯಾವುದು? ಯಕ್ಷಗಾನದವರು, ಹಾರ್ಮೋನಿಯಂ ಹಿಡಿದು ಕಲಿತ ಹಳಬರು ಶ್ರುತಿಯನ್ನು ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಬಿಳಿ ಒಂದು ಅಂದರೆ ಸಿ. ಕಪ್ಪು ಒಂದು ಅಂದರೆ ಸಿ ಶಾರ್ಪ್. ಬಿಳಿ ಎರಡು ಡಿ, ಕಪ್ಪು ಎರಡು ಡಿ ಶಾರ್ಪ್. ನಮ್ಮ ತಂಡದಲ್ಲಿ ಹಾಡುವ ಗಂಡಸರಲ್ಲಿ ಜಾಸ್ತಿ ಜನರ ಷಡ್ಜ ಈ ನಾಲ್ಕರಲ್ಲೇ ಎಲ್ಲೋ ಒಂದು ಕಡೆ ಇರುತ್ತದೆ. ಅಂದರೆ ನಾಲ್ಕು ತಂತಿಯಲ್ಲಿ ಕೆಳಸ್ಥಾಯಿಯಲ್ಲಿ ಇಲ್ಲದ್ದು ಬೇರೇನೂ ಅಲ್ಲ, ಅವರ ಷಡ್ಜವೇ! ಹನ್ನೆರಡು ವರ್ಷ ಆ ಷಡ್ಜವನ್ನು ಎ ತಂತಿಯ ಮೇಲೆ ನುಡಿಸಿಕೊಂಡು ಬಂದಿದ್ದೆ. ಈಗ ಬಿ ತಂತಿಯ ಒಂದು, ಎರಡು, ಮೂರು, ನಾಲ್ಕನೇ ಫ್ರೆಟ್‌ನಲ್ಲಿ ಸಾಲಾಗಿ ಕೂತಿದೆ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಇ ಸ್ಕೇಲ್‌ನ ಹಾಡನ್ನು ಈಗ ಖಾಲಿ ತಂತಿಯಲ್ಲಿ ನುಡಿಸುವುದೇ ಇಲ್ಲ. ಬಿ ತಂತಿಯ ಐದನೇ ಫ್ರೆಟ್‌ನಲ್ಲಿ ಅದೇ ಇ ಇದೆ. ಅಲ್ಲಿಂದ ಕೂರಿಸಿ ಅಭ್ಯಾಸ ಮಾಡಿದ್ದೇನೆ. ಅರ್ಧ ಇಳಿಸು ಅಂದರೆ ಕೈ ಒಂದು ಫ್ರೆಟ್ ಹಿಂದೆ. ಒಂದು ಇಳಿಸು ಅಂದರೆ ಎರಡು ಫ್ರೆಟ್. ಬೆರಳಿನ ಲೆಕ್ಕ ಬದಲಾಗುವುದಿಲ್ಲ. ಕೀಬೋರ್ಡ್‌ನವರ ಬಟನ್ ನನ್ನ ಎಡಗೈಗೂ ಬಂತು ಅಂತಲೇ ಹೇಳಬಹುದು. ಕಳೆದ ಮದುವೆ ಸೀಸನ್‌ನಲ್ಲಿ ಸಾಗರದ ಒಂದು ರಿಸೆಪ್ಷನ್‌ನಲ್ಲಿ ಒಂದೇ ಸಂಜೆ ನಾಲ್ಕು ಹಾಡಿನ ಸ್ಕೇಲ್ ವೇದಿಕೆ ಮೇಲೇ ಬದಲಾಯಿತು. ಒಂದಕ್ಕೂ ನಾನು ತಡವರಿಸಲಿಲ್ಲ.

ಕಷ್ಟಗಳೂ ಇವೆ. ಮೊದಲ ಎರಡು ತಿಂಗಳು ನಿಜವಾಗಿ ಸಾಕಾಗಿತ್ತು. ನಾಲ್ಕು ತಂತಿಯಲ್ಲಿ ಬಲಗೈ ಹೆಬ್ಬೆರಳನ್ನು ಪಿಕಪ್ (ತಂತಿಯ ಕೆಳಗೆ ದನಿ ಹಿಡಿಯುವ ಪಟ್ಟಿ) ಮೇಲೆ ಊರಿ ನುಡಿಸುವ ಅಭ್ಯಾಸ. ಐದರಲ್ಲಿ ಹಾಗೆ ಮಾಡಿದರೆ ಎ ತಂತಿ ಮೀಟಿದಾಗ ಬಿ ತಂತಿ ತಾನಾಗಿ ಗುಂಯ್‌ಗುಟ್ಟುತ್ತದೆ. ಮನೆಯಲ್ಲಿ ಕೇಳಿಸುವುದಿಲ್ಲ. ದೊಡ್ಡ ಸ್ಪೀಕರ್ ಬಾಕ್ಸ್‌ಗೆ ಹೋದಾಗ ಕೆಳಗೆ ಒಂದು ಮಬ್ಬು ಹಬ್ಬಿದ ಹಾಗೆ. ಹೆಬ್ಬೆರಳನ್ನು ಬಿ ತಂತಿಯ ಮೇಲೇ ಮಲಗಿಸಬೇಕು. ಮೇಲಿನ ತಂತಿಗೆ ಹೋದಾಗ ಅದೂ ಜೊತೆಗೇ ಜಾರಬೇಕು. ಇದು ಕೈಗೆ ಹತ್ತುವ ತನಕ ಕಾರ್ಯಕ್ರಮಕ್ಕೆ ಒಯ್ಯಬೇಡಿ. ನಾನು ಒಯ್ದು ಸೌಂಡ್‌ನವರಿಂದ ಮಾತು ಕೇಳಿದೆ.

ತೂಕ. ಎರಡನ್ನೂ ಮಂಡಿಯ ತಕ್ಕಡಿ ಮೇಲೆ ಇಟ್ಟು ನೋಡಿದೆ. ಹಳೆಯದು 3 ಕೆ.ಜಿ 900 ಗ್ರಾಂ, ಹೊಸದು 4 ಕೆ.ಜಿ 500 ಗ್ರಾಂ. 600 ಗ್ರಾಂ ಏನು ಮಹಾ ಅನ್ನಬೇಡಿ. ಮೂರು ಗಂಟೆ ನಿಂತ ಮೇಲೆ ಎಡ ಭುಜ ಹೇಳುತ್ತದೆ. ಅಗಲ ಬೆಲ್ಟ್ ಹಾಕಿಕೊಂಡ ಮೇಲೆ ಪರವಾಗಿಲ್ಲ.

ಬಿ ತಂತಿ ಉಳಿದವಕ್ಕಿಂತ ಸ್ವಲ್ಪ ಸಡಿಲವಾಗಿಯೇ ಇರುತ್ತದೆ. ಮೀಟುವ ತಂತಿಯ ಉದ್ದ 34 ಇಂಚು ಇರುವ ಗಿಟಾರ್‌ನಲ್ಲಿ ಅಷ್ಟು ಕೆಳಗಿನ ಸ್ವರ ಎಳೆದು ನಿಲ್ಲಿಸುವುದು ಸುಲಭ ಅಲ್ಲ. ಅದಕ್ಕೇ ಕೆಲವರು 35 ಇಂಚಿನದು ಮಾಡುತ್ತಾರೆ. ನಾನು ಡಿ'ಅಡಾರಿಯೊ ಕಂಪನಿಯ 45ರಿಂದ 130ರ ತಂತಿ ಸೆಟ್ ಹಾಕಿದ್ದೇನೆ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಬಿ ತಂತಿ 130 ದಪ್ಪ ಇರುವುದರಿಂದ ಮೀಟಿದಾಗ ಜೋಲಾಡುವುದು ಕಡಿಮೆ. ಸೆಟ್‌ಗೆ ಮೂರು ಸಾವಿರದ ಹತ್ತಿರ ಆಯಿತು. ನಮ್ಮ ಮಳೆಗಾಲದಲ್ಲಿ ತಂತಿ ಬೇಗ ಮಂಕಾಗುತ್ತದೆ. ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಕೇಸ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ. ಜೂನ್‌ನಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನೆಕ್ ನೋಡಿಸಿಕೊಳ್ಳಿ.

ಇನ್ನು ಬಾಕ್ಸ್‌ನ ವಿಷಯ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಕಲ್ಯಾಣ ಮಂಟಪಗಳಲ್ಲಿ ಇಡುವ 15 ಇಂಚಿನ ಬಾಕ್ಸ್‌ಗಳು ಸುಮಾರು 50 ಹರ್ಟ್ಸ್‌ಗಿಂತ ಕೆಳಗೆ ಬೇಗ ಸೋಲುತ್ತವೆ. ಖಾಲಿ ಬಿ ತಂತಿಯ 31 ಹರ್ಟ್ಸ್ ಅಲ್ಲಿ ಹೊರಗೇ ಬರುವುದಿಲ್ಲ. ಅದೇ ತಂತಿಯಿಂದ ಜೊತೆಗೇ ಹೊರಡುವ ಮೇಲಿನ 62, 93 ಹರ್ಟ್ಸ್ ಕೇಳಿಸುತ್ತದೆ, ಕಿವಿ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಎದೆಗೆ ಬಡಿಯುವ ಬೇಸ್ ಬೇಕು ಅಂದರೆ 18 ಇಂಚಿನ ಬೇಸ್ ಬಿನ್ (ಕೆಳಗಿನ ಸ್ವರಕ್ಕೆಂದೇ ಇರುವ ಸ್ಪೀಕರ್ ಬಾಕ್ಸ್) ಇರಲೇಬೇಕು. ಮಾರಿಕಾಂಬಾ ಜಾತ್ರೆಯಂಥ ಕಡೆ ಬಯಲಿನಲ್ಲಿ ದೊಡ್ಡ ಸೆಟ್ ಇಟ್ಟಾಗ ಆ ತಂತಿ ಮೀಟಿದರೆ ವೇದಿಕೆಯ ಹಲಗೆ ಕಾಲಿಗೆ ತಾಗುತ್ತದೆ. ಆ ಸುಖಕ್ಕಾದರೂ ತಗೊಳ್ಳಬಹುದು ಅನ್ನಿಸಿದೆ.

ನಾಲ್ಕು ತಂತಿ ಸಾಲದು ಎಂದು ಮಾತ್ರ ನಾನು ಹೇಳುವುದಿಲ್ಲ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗ ಇದ್ದಿದ್ದು ನಾಲ್ಕೇ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನಾಲ್ಕು ತಂತಿ, ಬಲಗೈಯ ಒಂದೇ ತೋರುಬೆರಳು ಇಟ್ಟುಕೊಂಡು ಮಾಡಿದ್ದನ್ನು ಇವತ್ತಿಗೂ ಜನ ಕೂತು ಕಲಿಯುತ್ತಿದ್ದಾರೆ. ಆರು ತಂತಿಯೂ ಇದೆ. ಬೇಸ್ ವಾದಕ ಆಂಥನಿ ಜಾಕ್ಸನ್ 1975ರಲ್ಲಿ ಗಿಟಾರ್ ತಯಾರಿಸುವ ಕಾರ್ಲ್ ಥಾಂಪ್ಸನ್ ಕೈಯಲ್ಲಿ ಮಾಡಿಸಿಕೊಂಡರು. ಒಬ್ಬ ಗೆಳೆಯನ ಆರು ತಂತಿಯದನ್ನು ಒಂದು ವಾರ ಮನೆಯಲ್ಲಿ ಇಟ್ಟುಕೊಂಡು ನೋಡಿದೆ. ಮೇಲಿನ ಸಿ ತಂತಿ ಸೇರಿಸಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದರೆ ಬಹಳ ಚಂದ. ಆದರೆ ನಮ್ಮ ಆರ್ಕೆಸ್ಟ್ರಾದಲ್ಲಿ ಆ ಜಾಗದಲ್ಲಿ ಆಗಲೇ ಎರಡು ಕೀಬೋರ್ಡ್ ಇವೆ. ಒಬ್ಬರೇ ಕೂತು ನುಡಿಸುವವರಿಗೆ ಸರಿ.

ಭಾವಗೀತೆ ಕಾರ್ಯಕ್ರಮಕ್ಕೆ ನಾನು ಈಗಲೂ ಒಯ್ಯುವುದು ನಾಲ್ಕು ತಂತಿಯದನ್ನೇ. ಅಲ್ಲಿ ಕೆಳಗಿನ ಜಾಗ ತಬಲಾದ ಡಗ್ಗಾದ್ದು. ಅದು ಮಾತಾಡುವಾಗ ಬಿ ತಂತಿ ಅಡ್ಡ ಬಂದರೆ ಎರಡೂ ಕೆಡುತ್ತವೆ. ಸ್ವಲ್ಪ ಮೇಲೆ, ಕಡಿಮೆ ನುಡಿಸಿದರೆ ಸಾಕು. ಹಾಡಿನ ಮಾತು ಕೇಳಿಸಬೇಕು ಅಲ್ವಾ.

ಹಾಗಾಗಿ ನಿಮ್ಮ ತಂಡದಲ್ಲಿ ಸ್ಕೇಲ್ ಆಗಾಗ ಬದಲಾಗುತ್ತದಾ, ಹಾಡುವವರು ಕೇಳಿದಾಗ ಇಳಿಸಬೇಕಾಗುತ್ತದಾ? ಹಾಗಿದ್ದರೆ ಐದು ತಗೊಳ್ಳಿ, ಎರಡು ತಿಂಗಳು ಮನೆಯಲ್ಲಿ ಕೂತು ಕೈ ಕೂರಿಸಿ. ಸ್ಕೇಲ್ ಬದಲಾಗದ ತಂಡವಾದರೆ ಆ ದುಡ್ಡನ್ನು ಒಳ್ಳೆಯ ಆಂಪ್ಲಿಫೈಯರ್‌ಗೆ ಹಾಕಿ. ಈಗಷ್ಟೇ ಕಲಿಯುವವರಿಗೆ ನಾಲ್ಕೇ ಸರಿ. ನಮ್ಮ ಅಕ್ಕನ ಮಗಳು ಹೈಸ್ಕೂಲಿನಲ್ಲಿದ್ದಾಳೆ, ತೀರ್ಥಹಳ್ಳಿಯಿಂದ ರಜೆಗೆ ಬಂದಾಗ ಕಲಿಯುತ್ತಾಳೆ. ಐದು ತಂತಿಯದನ್ನು ಕೊಟ್ಟೆ. ಅವಳ ಬೆರಳು ಅಗಲ ನೆಕ್ ದಾಟಿ ಬಿ ತಂತಿ ಮುಟ್ಟಲೇ ಇಲ್ಲ. "ಮಾಮ, ಹಳೇದೇ ಕೊಡು" ಅಂದಳು. ಕೊಟ್ಟೆ. ಕಳೆದ ವಾರ ಮೊದಲ ಸಲ ಒಂದು ಪೂರ್ತಿ ಹಾಡು ಎಲ್ಲೂ ನಿಲ್ಲಿಸದೆ ನುಡಿಸಿದಳು.