ಏರ್‌ಪೋರ್ಟಲ್ಲಿ ಕಡೇ ಗಳಿಗೆ ಶಾಪಿಂಗ್: ಆ ಸೀಲ್ ಚೀಲ ಮಾತ್ರ ಹರಿಯಬೇಡಿ

ಈ ಬೇಸಿಗೆ ರಜೆಗೆ ನಮ್ಮ ದಾವಣಗೆರೆಯಿಂದ ತುಂಬಾ ಜನ ಥಾಯ್ಲೆಂಡ್ ಕಡೆ ಹೊರಟಿದ್ದೀರಿ ಅಂತ ಕೇಳಿದೆ. ನಮ್ಮ ವಿದ್ಯಾನಗರದಲ್ಲೇ ಎರಡು ಮನೆಯವರು ಟಿಕೆಟ್ ಮಾಡಿಸಿದ್ದಾರೆ. ಹೋಗಿ ಬನ್ನಿ, ಊರು ಚೆನ್ನಾಗಿದೆ. ಆದರೆ ವಾಪಸ್ ಬರುವಾಗ ಕ್ವಾಲಾಲಂಪುರದಲ್ಲೋ ಕೊಲಂಬೊದಲ್ಲೋ ವಿಮಾನ ಬದಲಿಸುವ ಟಿಕೆಟ್ ಇದ್ದರೆ, ಐದು ನಿಮಿಷ ಇದನ್ನು ಓದಿ. ನಾನು ಸುಮಾರು ಒಂಬತ್ತು ಸಾವಿರ ರೂಪಾಯಿ ಕಳೆದುಕೊಂಡು ಕಲಿತಿದ್ದು.

ಕಳೆದ ವರ್ಷ ನಾವು ನಾಲ್ಕು ಜನ ಹೋಗಿದ್ದೆವು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಅವ್ವ. ಬೆಂಗಳೂರಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ. ನಾನು ತಲೆಗೆ ನಾಲ್ಕು ಸಾವಿರ ಉಳಿಯುತ್ತೆ ಅಂತ ಕ್ವಾಲಾಲಂಪುರದ ಮೇಲೆ ಸುತ್ತಿ ಬರುವ ಟಿಕೆಟ್ ಮಾಡಿಸಿದೆ. ಆಗ ಭಾರಿ ಜಾಣತನ ಅನ್ನಿಸಿತ್ತು.

ಆರು ದಿನ ತಿರುಗಿದೆವು. ಊರವರಿಗೆ ಏನೂ ತೆಗೆದುಕೊಳ್ಳಲೇ ಇಲ್ಲ. ಇವತ್ತು ಬೇಡ, ನಾಳೆ ನೋಡೋಣ, ಸುಮ್ನೆ ಹೊತ್ತುಕೊಂಡು ತಿರುಗೋದ್ಯಾಕೆ, ಏರ್‌ಪೋರ್ಟಲ್ಲಿ ಎಲ್ಲಾ ಸಿಗುತ್ತೆ ಅಂತ ನಾನೇ ತಳ್ಳುತ್ತಾ ಬಂದೆ. ತಿರುಪತಿಗೆ ಹೋದವರು ಲಡ್ಡು ತರದೆ ಬಂದರೆ ಹೇಗೋ, ವಿದೇಶಕ್ಕೆ ಹೋದವರು ಬರಿಗೈಲಿ ಬಂದರೂ ಹಾಗೇ ಅಲ್ವಾ? ಪಕ್ಕದ ಮನೆಯವರಿಗೆ, ಅತ್ತಿಗೆಗೆ, ಅಂಗಡಿ ಹುಡುಗರಿಗೆ, ಮಗಳ ಟ್ಯೂಷನ್ ಟೀಚರಿಗೆ, ಎಲ್ಲರಿಗೂ ಏನಾದರೂ ಬೇಕು. ಭಾವ ಅಂತೂ ಹೊರಡುವ ಮುಂಚೇನೇ ಹೇಳಿ ಕಳಿಸಿದ್ದರು: "ಒಂದು ಲೀಟರ್ ಬಾಟ್ಲಿ, ಒಳ್ಳೇದು, ಮರೀಬೇಡ."

ಬ್ಯಾಂಕಾಕ್ ಏರ್‌ಪೋರ್ಟಲ್ಲಿ ದೊಡ್ಡ ಲಗೇಜ್ ಒಳಗೆ ಹಾಕಿ, ಇಮಿಗ್ರೇಷನ್ ಮುಗಿಸಿ ಒಳಗೆ ಬಂದಾಗ ಕೈಯಲ್ಲಿ ಒಂದೂವರೆ ಗಂಟೆ ಇತ್ತು. ಅಂಗಡಿಯೋ, ಕಣ್ಣು ಕೋರೈಸುವ ಹಾಗಿದೆ. ಡ್ಯೂಟಿ ಫ್ರೀ ಅಂತ ಬೋರ್ಡು. ಡ್ಯೂಟಿ ಫ್ರೀ ಅಂದರೆ ಅಗ್ಗ ಅಂತ ನಾವು ಅಂದುಕೊಳ್ಳುತ್ತೇವೆ. ತೆರಿಗೆ ಇಲ್ಲ ಅಂತ ಅಷ್ಟೇ ಅದರ ಅರ್ಥ. ಹೆಂಡ, ಸಿಗರೇಟಿಗೆ ಹೊರಗೆ ಭಾರಿ ತೆರಿಗೆ ಇರುತ್ತೆ, ಹಾಗಾಗಿ ಅಲ್ಲಿ ಇಳಿದಿದ್ದು ಕಾಣುತ್ತೆ. ಒಣ ಮಾವಿನ ಹಣ್ಣಿಗೆ ಎಲ್ಲಿಯ ತೆರಿಗೆ? ಆ ದೇಶದ ವ್ಯಾಟ್ ಇರೋದೇ ಶೇ 7. ಅದನ್ನು ತೆಗೆದರೂ ಏರ್‌ಪೋರ್ಟಿನ ಬಾಡಿಗೆ ಯಾರು ಕೊಡಬೇಕು? ಹೋಟೆಲ್ ಪಕ್ಕದ ಅಂಗಡಿಯಲ್ಲಿ 99 ಬಾತ್‌ಗೆ (ಬಾತ್ ಅಂದರೆ ಅಲ್ಲಿನ ದುಡ್ಡು) ನೋಡಿ ಬಿಟ್ಟು ಬಂದಿದ್ದ ಅದೇ ಮಾವಿನ ಪೊಟ್ಟಣ ಇಲ್ಲಿ 210. ಮಂಡಿಪೇಟೆಯಲ್ಲಾದರೆ "ಏನ್ ಸ್ವಾಮಿ, ಸ್ವಲ್ಪ ನೋಡಿ ಹೇಳಿ" ಅನ್ನಬಹುದು. ಇಲ್ಲಿ ಯಾರಿಗೆ ಹೇಳೋದು.

ಆದರೂ ಬುಟ್ಟಿ ತುಂಬಿತು. ಮಾವು, ಚಾಕೊಲೇಟು, ಆನೆ ಮ್ಯಾಗ್ನೆಟ್ಟು, ಭಾವನ ಬಾಟ್ಲಿ, ಅತ್ತಿಗೆಗೂ ನಾದಿನಿಗೂ ಕಾಲು ಲೀಟರಿನ ಎರಡು ಲೋಷನ್ ಬಾಟ್ಲಿ. ಅವ್ವ ಗಾಜಿನ ಬಾಟ್ಲಿಯಲ್ಲಿದ್ದ ಕೆಂಪು ಚಟ್ನಿ ನೋಡಿದರು. "ಥೇಟ್ ನಮ್ಮ ಕೆಂಪು ಖಾರದ ಥರ ಐತಲ್ಲೋ, ಮಂಡಕ್ಕಿಗೆ ಚಲೋ ಆಗ್ತದೆ" ಅಂತ ಎರಡು ಎತ್ತಿಕೊಂಡರು.

ಬಿಲ್ಲು 8,200 ಬಾತ್. ಇಲ್ಲಿ ನನ್ನ ಮೊದಲ ತಪ್ಪು. ಕಾರ್ಡ್ ಹಾಕಿದ ಕೂಡಲೇ ಮಿಷನ್ ಪರದೆ ಮೇಲೆ ಎರಡು ಮೊತ್ತ ಬಂತು. ಒಂದು ಬಾತ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ, 21,894. ಕ್ಯಾಷಿಯರ್ ಹುಡುಗಿ ನಗುತ್ತಾ "ರುಪೀ, ಓಕೆ?" ಅಂದಳು. ಹಿಂದೆ ಸಾಲು. ನಮ್ಮ ದುಡ್ಡಲ್ಲೇ ಲೆಕ್ಕ ಗೊತ್ತಾಗುತ್ತಲ್ಲ ಅಂತ ನಾನೂ ಓಕೆ ಒತ್ತಿದೆ.

ಬಾತ್ ಆಗ ಎರಡೂವರೆ ರೂಪಾಯಿ ಇತ್ತು. ಅಂದರೆ ಅಸಲು 20,500. ರೂಪಾಯಿ ಒತ್ತಿದರೆ ದರ ಹಾಕೋದು ನಮ್ಮ ಬ್ಯಾಂಕಲ್ಲ, ಆ ಅಂಗಡಿಯ ಮಿಷನ್ ಕಡೆಯವರು. ಅವರು ಬಾತ್‌ಗೆ 2.67 ಹಾಕಿದ್ದರು. ಮೇಲಿಂದ ನನ್ನ ಬ್ಯಾಂಕು, ಹೊರದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಟ್ಟಿದ್ದಕ್ಕೆ ಶೇ 1, ಅದರ ಮೇಲೆ ಜಿಎಸ್‌ಟಿ, ಒಟ್ಟು 258 ರೂಪಾಯಿ ಬೇರೆ ಕತ್ತರಿಸಿತು. ಬಾತ್ ಅಂತಲೇ ಒತ್ತಿದ್ದರೆ ನನ್ನ ಕಾರ್ಡಿನ ಶೇ 2 ಶುಲ್ಕ, ಅದರ ಮೇಲಿನ ಜಿಎಸ್‌ಟಿ ಸೇರಿಸಿಯೂ 20,984ಕ್ಕೆ ಮುಗಿಯುತ್ತಿತ್ತು. ಒಂದು ಗುಂಡಿ ಒತ್ತಿದ್ದಕ್ಕೆ 1,168 ರೂಪಾಯಿ. ಮೋಸ ಅನ್ನೋಕೂ ಆಗಲ್ಲ, ಚೀಟಿಯಲ್ಲಿ "ಗ್ರಾಹಕರೇ ಆರಿಸಿಕೊಂಡಿದ್ದಾರೆ" ಅಂತ ಸಣ್ಣಕ್ಷರದಲ್ಲಿ ಬರೆದಿತ್ತು, ಕೆಳಗೆ ನನ್ನದೇ ಸಹಿ. ಹಾಗಾಗಿ ಯಾವ ದೇಶಕ್ಕೆ ಹೋದರೂ ಆ ದೇಶದ ದುಡ್ಡನ್ನೇ ಒತ್ತಿ. ಅವರೇ ರೂಪಾಯಿ ಒತ್ತಿಬಿಟ್ಟರೆ, ರದ್ದು ಮಾಡಿ ಮತ್ತೆ ಹಾಕಿ ಅಂತ ಕೇಳಿ. ಹಿಂದಿನ ಸಾಲು ಕಾಯಲಿ.

ಈಗ ಚೀಲದ ಕತೆ. ಹುಡುಗಿ ನಮ್ಮ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿ, ಬಾಟ್ಲಿ, ಲೋಷನ್, ಚಟ್ನಿ ಎಲ್ಲಾ ಒಂದು ದಪ್ಪ ಪಾರದರ್ಶಕ ಚೀಲಕ್ಕೆ ಹಾಕಿದಳು. ಚೀಲಕ್ಕೆ ಸುತ್ತ ಕೆಂಪು ಅಂಚು. ಬಿಲ್ಲನ್ನು ಹೊರಗಿಂದ ಓದಲು ಬರುವ ಹಾಗೆ ಒಳಗಿಟ್ಟು, ಮೇಲಿನ ಅಂಟುಪಟ್ಟಿ ಎಳೆದು ಮುಚ್ಚಿದಳು. "ನೋ ಓಪನ್, ನೋ ಓಪನ್" ಅಂತ ಎರಡು ಸಲ ಹೇಳಿ ಬೆರಳು ಆಡಿಸಿದಳು. ನಾನು ತಲೆ ಆಡಿಸಿದೆ. ಕಳ್ಳತನ ಆಗದಿರಲಿ ಅಂತ ಹೇಳ್ತಿರಬೇಕು ಅಂದುಕೊಂಡೆ!

ಗೇಟಿನ ಹತ್ತಿರ ಬಂದೆವು. ಅಗ್ಗದ ವಿಮಾನ ಅಂದಮೇಲೆ ನಿಮಗೆ ಗೊತ್ತೇ ಇರುತ್ತೆ. ಒಬ್ಬರಿಗೆ ಎರಡೇ ಚೀಲ, ಎರಡೂ ಸೇರಿ 7 ಕೆಜಿ. ಅಂಗಡಿ ಚೀಲಾನೂ ಲೆಕ್ಕಕ್ಕೆ ಬರುತ್ತೆ ಅಂತ ಗೇಟಿನವರು ಅಂದರು. ನಮ್ಮ ಕೈಯಲ್ಲಿ ಅಂಗಡಿಯ ಮೂರು ಚೀಲ ಜಾಸ್ತಿ. ದುಡ್ಡು ಕಟ್ಟಿ, ಇಲ್ಲ ಒಳಗೆ ಸೇರಿಸಿ. ಅವರು ಹೇಳಿದ ಮೊತ್ತ ಕೇಳಿ ಅವ್ವನಿಗೆ ಅರ್ಥವಾಗದೇ ಇದ್ದರೂ ನನ್ನ ಮುಖ ನೋಡಿ ಅರ್ಥವಾಯಿತು. ಕೆಳಗೆ ಕೂತೆ. ಸ್ವೆಟರ್ ತೆಗೆದು ಮಗಳಿಗೆ ತೊಡಿಸಿದೆ, ಮಾವಿನ ಪೊಟ್ಟಣ ಹೆಂಡತಿಯ ಪರ್ಸಿಗೆ ಹೋಯಿತು. ಆ ಕೆಂಪಂಚಿನ ಚೀಲ ಮಾತ್ರ ಬ್ಯಾಗಿನೊಳಗೆ ಇಡಿಯಾಗಿ ಹೋಗಲೊಲ್ಲದು. ಹಲ್ಲಿಂದ ಮೂಲೆ ಕಚ್ಚಿ ಹರಿದೆ. ಬಾಟ್ಲಿಗಳನ್ನು ಬಟ್ಟೆ ನಡುವೆ ಒಂದೊಂದಾಗಿ ತುರುಕಿದೆ.

"ರೀ, ಅವಳು ಬಿಚ್ಚಬೇಡಿ ಅಂದಿದ್ಲಲ್ಲ" ಅಂದಳು ಹೆಂಡತಿ.

"ಅಂಗಡಿ ದಾಟಿ ಬಂದಿದ್ದೀವಲ್ಲ, ಇನ್ನೇನು ಬಿಡೇ" ಅಂದೆ. ಈ ಮಾತು ಈಗಲೂ ಮನೆಯಲ್ಲಿ ವಾರಕ್ಕೊಂದು ಸಲ ವಾಪಸ್ ಬರುತ್ತೆ.

ಕ್ವಾಲಾಲಂಪುರದಲ್ಲಿ ಇಳಿದು ಮುಂದಿನ ವಿಮಾನಕ್ಕೆ ಹೋಗುವ ದಾರಿಯಲ್ಲಿ ಮತ್ತೆ ಸೆಕ್ಯೂರಿಟಿ ಚೆಕ್ ಇದೆ. ಮೊದಲನೇ ಸಲ ಮಾಡಿಸಿದ ಹಾಗೇ, ಎಲ್ಲಾ ಟ್ರೇಗೆ ಹಾಕಬೇಕು. ಅಂತರರಾಷ್ಟ್ರೀಯ ವಿಮಾನದಲ್ಲಿ ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟ್ಲಿಯ ದ್ರವ ಒಯ್ಯೋ ಹಾಗಿಲ್ಲ ಅನ್ನೋದು ನಮಗೂ ಗೊತ್ತಿತ್ತು. ಆ ನಿಯಮದಿಂದ ಡ್ಯೂಟಿ ಫ್ರೀ ಸಾಮಾನಿಗೆ ವಿನಾಯಿತಿ ಸಿಗೋದು ಆ ಸೀಲ್ ಚೀಲದಿಂದ, ಅದರೊಳಗಿನ ಬಿಲ್ಲಿನಿಂದ ಅನ್ನೋದು ಗೊತ್ತಿರಲಿಲ್ಲ. ಸೀಲ್ ಹರಿದರೆ ಅದೂ ಮನೆಯಿಂದ ತಂದ ನೀರಿನ ಬಾಟ್ಲಿ ಇದ್ದ ಹಾಗೇ.

ನನ್ನ ಬ್ಯಾಗಿನ ಟ್ರೇ ಪಕ್ಕದ ಸಾಲಿಗೆ ತಿರುಗಿತು. ಚಿಕ್ಕ ವಯಸ್ಸಿನ ಒಬ್ಬ ಅಧಿಕಾರಿ ಕೈಗವಸು ಹಾಕಿಕೊಂಡು ಒಂದೊಂದೇ ತೆಗೆದ. ಭಾವನ ಬಾಟ್ಲಿ ನನ್ನ ಬನಿಯನ್ನು ಸುತ್ತಿಕೊಂಡು ಹೊರಗೆ ಬಂತು. ಆಮೇಲೆ ಲೋಷನ್ನು. ಆಮೇಲೆ ಚಟ್ನಿ. ಚಟ್ನಿ ಗಟ್ಟಿ ಇದೆಯಲ್ಲ ಅಂದೆ. ಪೇಸ್ಟು, ಜೆಲ್ಲು, ಕ್ರೀಮು ಎಲ್ಲಾ ದ್ರವದ ಲೆಕ್ಕವೇ ಅಂತೆ. "ಸೀಲ್ಡ್ ಬ್ಯಾಗ್?" ಅಂತ ಕೇಳಿದ. ಜೇಬಿಂದ ನಾಲ್ಕು ಮಡಿಕೆ ಮಾಡಿಟ್ಟಿದ್ದ ಹರಿದ ಚೀಲ ತೆಗೆದು, ಬಿಡಿಸಿ, ಬಿಲ್ಲಿನ ಸಮೇತ ತೋರಿಸಿದೆ. ಅವನು ಚೀಲ ನೋಡಿದ, ಹಲ್ಲಿನ ಗುರುತು ನೋಡಿದ, ನನ್ನ ಮುಖ ನೋಡಿದ. ನಗಲಿಲ್ಲ, ಪುಣ್ಯಾತ್ಮ. ಎಲ್ಲಾ ಎತ್ತಿ ಪಕ್ಕದ ಡಬ್ಬಕ್ಕೆ ಇಟ್ಟ. ಅವನ ತಪ್ಪೇನೂ ಇಲ್ಲ.

ದೊಡ್ಡ ಸೂಟ್‌ಕೇಸಲ್ಲಿ ಹಾಕೋಣ ಅಂದರೆ ಅದು ಬ್ಯಾಂಕಾಕ್‌ನಲ್ಲೇ ಬೆಂಗಳೂರಿನ ಪಟ್ಟಿ ಕಟ್ಟಿಸಿಕೊಂಡು ಹೋಗಿತ್ತು. ನಡುವೆ ಕೈಗೆ ಸಿಗಲ್ಲ. ಬಾಟ್ಲಿ 1,250 ಬಾತ್, ಲೋಷನ್ ಎರಡು ಸೇರಿ 1,380, ಚಟ್ನಿ 330. ನಾನು ಕೊಟ್ಟ ದರದಲ್ಲಿ 7,900 ರೂಪಾಯಿ.

"ಕುಡಿಯೋ ಸಾಮಾನು ಹೋದ್ರೆ ಹೋಗ್ಲಿ ಬಿಡಪ್ಪ" ಅಂದರು ಅವ್ವ. ಚಟ್ನಿ ಹೋಗಿದ್ದಕ್ಕೆ ಮಾತ್ರ ಅರ್ಧ ಗಂಟೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಮಗಳು ಅಂಗಡಿಯಲ್ಲಿ ಅದರ ಫೋಟೊ ತೆಗೆದಿದ್ದಳು. ಕಾಯುತ್ತಾ ಕೂತಾಗ ದೊಡ್ಡದು ಮಾಡಿ ಓದಿದರೆ, ಒಣ ಸೀಗಡಿ ಅಂತ ಇತ್ತು. ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ಅವ್ವನಿಗೆ ಇನ್ನೂ ಹೇಳಿಲ್ಲ. ಸಸ್ಯಾಹಾರಿಗಳು ಅಲ್ಲಿಂದ ಚಟ್ನಿ, ಸಾಸು ತರೋದಾದರೆ ಹಿಂದಿನ ಚೀಟಿ ಓದಿ ತನ್ನಿ, ಇದು ಬೇರೆಯದೇ ಎಚ್ಚರಿಕೆ.

ಹಾಗಾದರೆ ಏನು ಮಾಡಬೇಕಿತ್ತು? ಲೋಷನ್ನು, ಮಾವು ಎಲ್ಲಾ ಹಿಂದಿನ ದಿನವೇ ಊರೊಳಗೆ ತೆಗೆದು ಸೂಟ್‌ಕೇಸಿಗೆ ಹಾಕಿದ್ದರೆ ಅರ್ಧ ದುಡ್ಡಿಗೆ ಮುಗಿಯುತ್ತಿತ್ತು. ಟಿಕೆಟ್ ಮಾಡಿಸುವಾಗಲೇ ಸೂಟ್‌ಕೇಸಿನ ತೂಕ ಐದು ಕೆಜಿ ಜಾಸ್ತಿ ತೆಗೆದುಕೊಳ್ಳಿ. ಗೇಟಿನಲ್ಲಿ ಕೇಳುವ ದುಡ್ಡಿಗೆ ಹೋಲಿಸಿದರೆ ಅದು ಏನೂ ಅಲ್ಲ. ಏರ್‌ಪೋರ್ಟಲ್ಲೇ ದ್ರವ ಏನಾದರೂ ಕೊಂಡರೆ, ಸೀಲ್ ಆದ ಚೀಲ ಇಡಿಯಾಗಿ ಹಿಡಿಸುವಷ್ಟು ಜಾಗ ಕೈಚೀಲದಲ್ಲಿ ಮೊದಲೇ ಬಿಟ್ಟಿರಿ. ನೇರ ವಿಮಾನ ಇದ್ದವರಿಗೆ ಈ ಎರಡನೇ ಚೆಕ್ಕಿನ ತಲೆನೋವಿಲ್ಲ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ ನಡುವೆ ಲಗೇಜ್ ಬಿಡಿಸಿಕೊಳ್ಳುವವರು ಅಲ್ಲಿ ಬಾಟ್ಲಿಯನ್ನು ಸೂಟ್‌ಕೇಸಿಗೆ ಸೇರಿಸಿಬಿಡಬಹುದು. ನಮ್ಮಂಥ ಒಂದೇ ಟಿಕೆಟಿನವರಿಗೆ ಆ ದಾರಿ ಇಲ್ಲ. ಹೆಂಡ ತರುವವರು ಒಬ್ಬರಿಗೆ 2 ಲೀಟರ್ ಮಾತ್ರ ನಮ್ಮ ಕಸ್ಟಮ್ಸ್ ಸುಂಕವಿಲ್ಲದೆ ಬಿಡುತ್ತೆ ಅನ್ನೋದನ್ನೂ ನೆನಪಿಡಿ.

ಇನ್ನು ಆ ಚಾಕೊಲೇಟು. ಊರಿಗೆ ಬಂದ ಮೂರನೇ ದಿನ ಪಿ.ಬಿ. ರಸ್ತೆಯ ಸೂಪರ್ ಮಾರ್ಕೆಟ್ಟಲ್ಲಿ ಅದೇ ಮೂರು ಮೂಲೆ ಡಬ್ಬಿ ನೋಡಿದೆ. ಬೆಲೆ ನೋಡಲಿಲ್ಲ. ಬೇಕಂತಲೇ.

ಭಾವನ ಮನೆಗೆ ಎರಡು ಪೊಟ್ಟಣ ಮಾವು ಹಿಡಿದುಕೊಂಡು ಹೋಗಿ, ನಡೆದಿದ್ದೆಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿ, ಒಂದು ತುಂಡು ಬಾಯಿಗೆ ಹಾಕಿಕೊಂಡು ಕೇಳಿದರು: "ಅಲ್ಲಪ್ಪ, ಬೆಂಗಳೂರಲ್ಲಿ ಇಳಿದ ಮೇಲೆ, ಲಗೇಜ್ ಬರೋ ಜಾಗದ ಹತ್ರಾನೇ ಡ್ಯೂಟಿ ಫ್ರೀ ಅಂಗಡಿ ಐತಲ್ಲ. ಅಲ್ಲಿ ತಗೊಳ್ಳೋಕೆ ಏನಾಗಿತ್ತು?"

ಆ ಅಂಗಡಿ ಮುಂದೆಯೇ ಹಾದು ಬಂದಿದ್ದೆ. ರೈಲು ತಪ್ಪುತ್ತೆ ಅಂತ ಎಲ್ಲರನ್ನೂ ಓಡಿಸುತ್ತಿದ್ದೆ.