ಈಜುಕೊಳದ ರಿಪೇರಿ: ಕೊಟೇಶನ್ 4.20 ಲಕ್ಷ, ಬಿಲ್ 6.71 ಲಕ್ಷ

ಕೆಲಸಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಲೆಕ್ಕಕ್ಕೆ ಒಂದೇ.

ನಮ್ಮದು ಬೆಂಗಳೂರಿನ ಕನಕಪುರ ರಸ್ತೆಯ ಹಳೇ ಮನೆ. ಯಜಮಾನರು ಆಸೆಪಟ್ಟು ಕಟ್ಟಿಸಿದ ಕೊಳ. 26 ಅಡಿ ಉದ್ದ, 13 ಅಡಿ ಅಗಲ, 4 ಅಡಿ ಆಳ. ನೀರು ಸೋರುತ್ತಿತ್ತು, ಟೈಲ್ಸ್ ಏಳುತ್ತಿದ್ದವು. ಬಂದವರು ಟೇಪ್ ಹಿಡಿದು ಅಳೆದು, ಒಂದೇ ಹಾಳೆಯ ಕೊಟೇಶನ್ ಕೊಟ್ಟರು: ಟೈಲ್ಸ್, ಕೂಲಿ, ಫಿಲ್ಟರ್‌ಗೆ ಹೊಸ ಮರಳು, ಎಲ್ಲ ಸೇರಿ 4.20 ಲಕ್ಷ. ನಾನು ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವಳು. ‘ಜಿಎಸ್‌ಟಿ?’ ಅಂದೆ. ‘ಅದು ಎಕ್ಸ್‌ಟ್ರಾ ಮೇಡಂ.’ ಶೇಕಡ 18, ಅಂದರೆ 75,600. ಇನ್ನೂ ಒಂದು ಟೈಲ್ ಕಿತ್ತಿಲ್ಲ!

ಕಿತ್ತ ಮೇಲೆ ನೋಡಿದರೆ ಕೆಳಗಿನ ಗಾರೆಯೆಲ್ಲ ಟೊಳ್ಳು. ಅದನ್ನೂ ಒಡೆದು, ಹೊಸದಾಗಿ ಪ್ಲಾಸ್ಟರ್ ಮಾಡಿ, ವಾಟರ್‌ಪ್ರೂಫಿಂಗ್ ಹೊಡೆಯಲು ಚದರ ಅಡಿಗೆ 120 ರೂಪಾಯಿ. ಗೋಡೆ, ತಳ ಸೇರಿ 650 ಚದರ ಅಡಿ. 78,000 ಅಲ್ಲೇ ಹೋಯಿತು. ಕೆಲಸ ಬೇಕಾಗಿತ್ತು, ಸುಳ್ಳಲ್ಲ. ಆದರೆ ದಿನಾ ಇದೇ ಕೆಲಸ ಮಾಡುವವರಿಗೆ ಹಳೇ ಕೊಳದ ಕಥೆ ಗೊತ್ತಿರಲ್ವಾ? ಅಳೆಯಲು ಬಂದ ದಿನ ನಾಲ್ಕು ಕಡೆ ತಟ್ಟಿ ನೋಡಿದ್ದರೆ ಸದ್ದಲ್ಲೇ ತಿಳಿಯುತ್ತಿತ್ತು.

ಟೈಲ್ಸ್ ಸಂದಿ ತುಂಬಲು ಸಿಮೆಂಟ್ ಗ್ರೌಟ್ ಬದಲು ಎಪಾಕ್ಸಿ, ಜಾಸ್ತಿ 39,000. ಕ್ಲೋರಿನ್ ನೀರಿಗೆ ಅದೇ ತಡೆಯುವುದು, ಒಪ್ಪಿದೆ. ಫಿಲ್ಟರ್ ವಾಲ್ವ್ 14,000. ಡೆಬ್ರಿಸ್ ಸಾಗಿಸಲು 18,000 ಕೇಳಿದಾಗ ಮಾತ್ರ ಜಗಳ ಆಡಿದೆ. ತಾವು ಕಿತ್ತಿದ್ದನ್ನು ತಾವೇ ತಗೊಂಡು ಹೋಗೋದಕ್ಕೂ ಬೇರೆ ದುಡ್ಡಾ? ಜಗಳ ಆಡಿದರೂ ಬಿಡಲಿಲ್ಲ. ಈ ಎಕ್ಸ್‌ಟ್ರಾಗಳ ಮೇಲೂ ಶೇಕಡ 18 ಜಿಎಸ್‌ಟಿ ಸೇರಿ ಒಟ್ಟು 6.71 ಲಕ್ಷ.

ನೀರಿನ ಮಾತೇ ಕೊಟೇಶನ್‌ನಲ್ಲಿ ಇರಲಿಲ್ಲ. ವಾಟರ್‌ಪ್ರೂಫಿಂಗ್ ಆದ ಮೇಲೆ ಕೊಳ ತುಂಬಿಸಿ, ಸೋರುತ್ತದಾ ಅಂತ ಕೆಲವು ದಿನ ನೋಡಬೇಕು. ಆಮೇಲೆ ಖಾಲಿ ಮಾಡಿ ಟೈಲ್ಸ್ ಹಾಕಿ, ಮತ್ತೆ ತುಂಬಿಸಬೇಕು. ಒಂದು ಸಲಕ್ಕೆ 38,000 ಲೀಟರ್! ಅದನ್ನು ಸುಮ್ನೆ ಚರಂಡಿಗೆ ಬಿಡಲು ಹೊರಟಿದ್ದರು. 2024ರ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ದಂಡ ಅಂತ ಜಲಮಂಡಳಿ ಹೇಳಿದ ಊರು ಇದು. ಹಿಡಿಯುವಷ್ಟನ್ನು ಸಂಪ್ ಟ್ಯಾಂಕಿಗೆ, ಉಳಿದಿದ್ದನ್ನು ತೆಂಗಿನ ಮರಗಳಿಗೆ ಬಿಡಿಸಿದೆ. ಟ್ಯಾಂಕರ್ ಖರ್ಚು ಈ ಬಿಲ್ಲಿಗೆ ಸೇರಿಲ್ಲ.

ನಾಲ್ಕು ಸ್ಟಾರ್ ಮೇಸ್ತ್ರಿಗೆ. ‘ಪೈಪಿನ ಬಾಯಿ ಸುತ್ತ ಸರಿಯಾಗಿ ಕಟ್ಟದಿದ್ರೆ, ಮೇಲೆ ಏನು ಹೊಡೆದರೂ ಸೋರುತ್ತೆ ಅಮ್ಮ’ ಅಂತ, ಸೂಪರ್‌ವೈಸರ್ ಅವಸರ ಮಾಡಿದರೂ ಕೇಳದೆ ಒಂದೊಂದನ್ನೂ ಬಿಚ್ಚಿ ಕಟ್ಟಿದರು. ಈಗ ನೀರು ಇಳಿಯುತ್ತಿಲ್ಲ.

ನೀವು ಮಾಡಿಸುವುದಾದರೆ, ಟೈಲ್ಸ್ ಕೀಳುವ ಮೊದಲೇ ಪ್ಲಾಸ್ಟರ್, ವಾಟರ್‌ಪ್ರೂಫಿಂಗ್, ಗ್ರೌಟ್‌ಗೆ ಚದರ ಅಡಿ ರೇಟು ಬರೆಸಿಕೊಳ್ಳಿ. ಕೊಳ ಅಗೆದು ಬಿದ್ದಿರುವಾಗ ಚೌಕಾಸಿ ನಡೆಯಲ್ಲ. ವಾಟರ್‌ಪ್ರೂಫಿಂಗ್‌ಗೆ ಹತ್ತು ವರ್ಷ ಗ್ಯಾರಂಟಿ ಅಂತ ಬಾಯಲ್ಲಿ ಹೇಳಿದ್ದಾರೆ, ಪತ್ರ ಇನ್ನೂ ಬಂದಿಲ್ಲ. ಕೊನೆಯ ಕಂತು 50,000 ನನ್ನ ಹತ್ತಿರವೇ ಇದೆ.