ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿರುವ ಎಚ್‌ಐವಿ ಇರುವವರ ಗಮನಕ್ಕೆ

ಮನೆ ತೋರಿಸುವ ಬ್ರೋಕರ್ ನಿಮ್ಮ ಆರೋಗ್ಯದ ಕಾಗದ ಕೇಳಿದರೆ ಕೊಡಬೇಡಿ. ಆಧಾರ್ ಕೊಡಿ, ಫೋಟೊ ಕೊಡಿ, ಸಾಕು. ಅಡ್ವಾನ್ಸ್ ಹಣವನ್ನು ನಗದಾಗಿ ಕೊಡಬೇಡಿ, ಕರಾರು ಪತ್ರವಿಲ್ಲದೆ ಸಾಮಾನು ಇಳಿಸಬೇಡಿ. ಹೀಗೆ ಹೇಳುವುದಕ್ಕೆ ಕಾರಣವಿದೆ.

ಉಣಕಲ್ ಕಡೆ ನನಗೂ ಮಗಳಿಗೂ ಸಿಕ್ಕಿದ್ದು ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ. ನಾನು ಹೊಲಿಗೆ ಕೆಲಸ ಮಾಡುತ್ತೇನೆ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಬ್ರೋಕರ್ ಮೊದಲ ದಿನವೇ "ಮಾಲಕರು ಎಲ್ಲಾರ ಕಡೆನೂ ಹೆಲ್ತ್ ರಿಪೋರ್ಟ್ ಕೇಳ್ತಾರ್ರಿ" ಎಂದ. ನಾನು ಕೊಡಲಿಲ್ಲ. ಅಡ್ವಾನ್ಸ್ ಮಾತ್ರ ನಗದಿನಲ್ಲೇ ಬೇಕೆಂದರು, ಕರಾರು "ಮುಂದಿನ ತಿಂಗಳ ಮಾಡೂಣು" ಎಂದು ಮುಂದೂಡುತ್ತಲೇ ಹೋದರು. ಆಮೇಲೆ ಸುದ್ದಿ ಅದು ಹೇಗೋ ಮುಟ್ಟಿತು. ಆಸ್ಪತ್ರೆಯಲ್ಲಿ ಯಾರೋ ನೋಡಿರಬೇಕು.

ಮಾಲಕರ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದರು: "ನಿಮ್ಮ ಮ್ಯಾಲೆ ಸಿಟ್ಟೇನಿಲ್ರಿ ಅಕ್ಕಾರ. ಆದ್ರ ಮನ್ಯಾಗ ಸಣ್ಣ ಹುಡುಗ್ರು ಅದಾವು. ಬ್ಯಾರೆ ಮನಿ ನೋಡ್ಕೋರಿ." ಅಡ್ವಾನ್ಸ್ ವಾಪಸ್ ಕೇಳಿದರೆ ಸುಣ್ಣ-ಬಣ್ಣಕ್ಕೆ ಹೋಯಿತಂತೆ! ಒಂದೇ ನಳದ ನೀರಿನಿಂದ, ಒಂದೇ ಬಚ್ಚಲಿನಿಂದ ಎಚ್‌ಐವಿ ಹರಡುವುದಿಲ್ಲ. ಇದನ್ನು ಇನ್ನೂ ಹೇಳಬೇಕಾಗಿದೆ ನೋಡಿ.

ಮನೆ ಹೋಯಿತು ಅಂದರೆ ಬರೀ ಸಾಮಾನು ಹೊರುವ ಕಷ್ಟ ಎಂದುಕೊಳ್ಳಬೇಡಿ. ನಾವು ಹಾನಗಲ್ ಕಡೆಯ ಸೋದರತ್ತೆಯ ಮನೆಗೆ ಹೋದೆವು. ಅಲ್ಲಿ ಯಾರಿಗೂ ನನ್ನ ವಿಷಯ ಗೊತ್ತಿಲ್ಲ. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಮಲಗುವುದು. ಗುಳಿಗೆಯ ಡಬ್ಬಿ ಅಲುಗಿದರೆ ಗಿಲಿಗಿಲಿ ಸದ್ದು, ಮೇಲೆ ಚೀಟಿ ಬೇರೆ. ಹಾಗಾಗಿ ಗುಳಿಗೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಸೀರೆಗಳ ನಡುವೆ ಇಟ್ಟೆ. ನನ್ನಂತೆ ಮಾಡುವವರು ಬಹಳ ಮಂದಿ ಇದ್ದಾರೆ, ನನಗೆ ಗೊತ್ತು. ಆದರೆ ಆ ಡಬ್ಬಿಯೊಳಗಿನ ಸಣ್ಣ ಪೊಟ್ಟಣ ಇರುವುದು ತೇವ ಹೀರುವುದಕ್ಕೆ. ಹಾನಗಲ್ಲಿನ ಮಳೆಗಾಲ ಹೇಗಿರುತ್ತದೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಗುಳಿಗೆ ಮೆತ್ತಗಾಗತೊಡಗಿದವು.

ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳುವುದು ನನ್ನ ರೂಢಿ. ಅದೇ ಹೊತ್ತಿಗೆ ಮನೆ ತುಂಬ ಜನ. "ಏನ್ ಗುಳಿಗಿ ಅದು?" ಎಂದು ಅತ್ತೆ ಕೇಳಿದಾಗ ಬಿ.ಪಿ.ಯದ್ದು ಎಂದೆ. ಮರುದಿನ ನೆರೆಮನೆಯವರು ತಮ್ಮ ಬಿ.ಪಿ. ಗುಳಿಗೆ ತಂದು ಹೋಲಿಸಿ ನೋಡಿದರು! ಆಮೇಲೆ ಕೆಲವು ರಾತ್ರಿ ಸುಮ್ನೆ ಬಿಟ್ಟೆ. ಗುಳಿಗೆ ತರಲು ಹುಬ್ಬಳ್ಳಿಯ ಎಆರ್‌ಟಿ ಕೇಂದ್ರಕ್ಕೆ ಹೋಗಬೇಕಾದ ತಾರೀಕೂ ತಪ್ಪಿತು. ಹಾವೇರಿಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳೋಣವೆಂದರೆ ಅಲ್ಲಿ ಅತ್ತೆಯ ಊರಿನವರೇ ಎದುರಾಗುತ್ತಾರೆ.

ಗುಳಿಗೆ ನಿಂತರೆ ವೈರಸ್ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ನನ್ನ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಅದಕ್ಕೂ ಮೊದಲು ಯಂತ್ರಕ್ಕೆ ಸಿಗದಷ್ಟು ಕಡಿಮೆ ಇತ್ತು. ಈ ಮಟ್ಟ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದಲ್ಲೂ ಎಚ್‌ಐವಿ ಹರಡುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ವೈರಲ್ ಲೋಡ್ ಒಂದು ಮಿ.ಲೀ.ಗೆ 1000 ದಾಟಿತ್ತು. ಜೊತೆಗೆ ಬಿಡದ ಕೆಮ್ಮು, ಸಂಜೆ ಜ್ವರ. ಕಫ ಪರೀಕ್ಷೆಯಲ್ಲಿ ಟಿ.ಬಿ. ಸಿಕ್ಕಿತು. ಗಾಳಿಯಾಡದ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವ ಕಡೆ ಟಿ.ಬಿ. ಸುಲಭವಾಗಿ ಹಬ್ಬುತ್ತದೆ, ನಮ್ಮಂಥವರಿಗೆ ಅದರ ಅಪಾಯ ಇನ್ನೂ ಜಾಸ್ತಿ. ಎಆರ್‌ಟಿ ಕೇಂದ್ರದ ಕೌನ್ಸೆಲರ್ ಮೇಡಂ ಬೈಯಲಿಲ್ಲ. "ಮೊದ್ಲ ಮನಿ ನೋಡ್ರಿ, ಗುಳಿಗಿ ಹಾದಿಗೆ ಬರ್ತದ" ಎಂದರು.

ಅವರು ಹೇಳಿದ್ದು ನಿಜ. ಅಮೆರಿಕದಲ್ಲಿ ಎಚ್‌ಐವಿ ಇರುವವರ ವಸತಿಗೆಂದೇ 1990ರ ದಶಕದಿಂದ ಸರ್ಕಾರಿ ಯೋಜನೆ ನಡೆದಿದೆ. ನಮ್ಮಲ್ಲಿ 2004ರಿಂದ ಎಆರ್‌ಟಿ ಉಚಿತ. ಅದನ್ನು ಇಡಲು ಒಂದು ಗೂಡು ಬೇಕಲ್ವಾ? ಅದು ನಮ್ಮ ನಮ್ಮ ಪಾಡು.

ಈಗ ನವನಗರದಲ್ಲಿದ್ದೇವೆ. ಬಾಡಿಗೆ ಜಾಸ್ತಿ, ಆದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲಿದೆ. ಗುಳಿಗೆ ಮತ್ತೆ ಡಬ್ಬಿಯಲ್ಲೇ ಇವೆ.

ನಿಮಗೂ ಮನೆ ಬಿಡುವ ಪ್ರಸಂಗ ಬಂದರೆ ಸಾಮಾನು ಕಟ್ಟುವ ಮೊದಲೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ಬೇರೆ ಊರಿನ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ. ಹತ್ತಿರದ ಊರು ಬೇಡವಾದರೆ ಬೇರೆ ಜಿಲ್ಲೆ ಕೇಳಿ. ಉಚಿತ ಸಹಾಯವಾಣಿ 1097.

ಕಾನೂನೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಎಂದು ಬಾಡಿಗೆಗೆ ಮನೆ ಕೊಡದಿರುವುದು, ಇದ್ದ ಮನೆ ಬಿಡಿಸುವುದು ಅದರ 3ನೇ ಕಲಮಿನ ಪ್ರಕಾರ ತಾರತಮ್ಯ. ಗಂಡನ ಮನೆಯವರೋ ತವರಿನವರೋ ಹೊರಗೆ ಹಾಕುವುದಕ್ಕೂ ತಡೆ ಇದೆ. ಪ್ರಕರಣ ನಡೆಯುವಾಗ ಹೆಸರು ಮರೆಮಾಡಿ ಎಂದು ಕೋರ್ಟಿಗೆ ಕೇಳಿಕೊಳ್ಳಬಹುದು. ಇದು ಗೊತ್ತಿಲ್ಲದೆಯೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ಆದಾಯ ಎಷ್ಟಿದ್ದರೂ ಸರಿ. ಅವರ ಸಂಖ್ಯೆ 15100. ಅಡ್ವಾನ್ಸ್ ವಾಪಸ್ ಕೊಡಿಸಿ ಎಂದು ನಾನು ಅಲ್ಲೇ ಅರ್ಜಿ ಕೊಟ್ಟಿದ್ದೇನೆ. ರಸೀದಿ ಇಲ್ಲದ್ದರಿಂದ ಎಳೆದಾಡುತ್ತಿದೆ.